ಗೋಡೆಯ ಆಚೆ ಬದಿಯ ಟೇಪು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಕೆಳಮಹಡಿಯಲ್ಲಿದ್ದ ಬೇಕರಿಗೆ ಬೀಗ ಬಿತ್ತು. ಕಾರಣ, ಜಿರಳೆ.

ಬೀಗ ಹಾಕಿಸಿದವರು ಆಸ್ಪತ್ರೆಯ ಹೊಸ ಆರೋಗ್ಯಾಧಿಕಾರಿ. ಮಾತು ಕಡಿಮೆ, ಟಾರ್ಚ್ ಜಾಸ್ತಿ ಎಂದು ಕೆಲವೇ ತಿಂಗಳಲ್ಲಿ ಹೆಸರು ಮಾಡಿದ್ದ ಹೆಂಗಸು. ಅವರು ಔಷಧಿ ಅಂಗಡಿಯ ಮುಂದೆ ನಿಲ್ಲಲಿಲ್ಲ, ಜ್ಯೂಸ್ ಅಂಗಡಿಯ ಕಡೆ ತಿರುಗಲಿಲ್ಲ. ನೆಟ್ಟಗೆ ಬೇಕರಿಯೊಳಗೆ ಬಂದು, ಹಿಟ್ಟು ಉಬ್ಬಲು ಇಡುವ ಬೆಚ್ಚಗಿನ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೆಳಗಿನ ನೀರಿನ ತಟ್ಟೆ ಎಳೆಸಿದರು. ಅದರ ಹಿಂದಿದ್ದ ತಗಡನ್ನು ಬಿಚ್ಚಿಸಿದರು. ಸ್ಕ್ರೂ ಬಿಚ್ಚಿದವನು ಅವರ ಆಫೀಸಿನ ಅಟೆಂಡರ್, ಅಂಗಡಿಯೊಡತಿ ಬೇಕರಿಯಕ್ಕನ ಸ್ವಂತ ತಂಗಿಯ ಗಂಡ. ಅವನು ತಲೆ ಎತ್ತಲಿಲ್ಲ.

ತಗಡು ಕೆಳಗಿಳಿದಾಗ ಒಳಗಿನಿಂದ ಜಿರಳೆಗಳು ಕಾಳು ಚೆಲ್ಲಿದಂತೆ ಉದುರಿದವು. ಸಣ್ಣ ಜಾತಿಯವು, ತೆಳು ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಕೆಲವು ಓಡಿದವು. ಕೆಲವು ಕುಡಿದವರ ಹಾಗೆ ತಡವರಿಸಿ ಅಂಗಾತ ಬಿದ್ದು ಕಾಲಾಡಿಸಿದವು. ಒಂದು ಮಾತ್ರ ಸಾವಕಾಶವಾಗಿ ಮೇಲೇರಿ, ಹದವಾಗಿ ಉಬ್ಬಿದ್ದ ಬನ್ನಿನ ನೆತ್ತಿಯ ಮೇಲೆ ಹೋಗಿ ನಿಂತು ಮೀಸೆ ಆಡಿಸಿತು.

"ಈ ಬನ್ನು ಎಲ್ಲಿಗೆ ಹೋಗುತ್ತೆ?" ಎಂದರು ಅಧಿಕಾರಿ.

"ಮಕ್ಕಳ ವಾರ್ಡಿಗೆ" ಎಂದಳು ಬೇಕರಿಯಕ್ಕ. ಸುಳ್ಳು ಹೇಳುವುದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲೂ ಇಲ್ಲ.

ಏಳು ದಿನ ಗಡುವು. ಅಷ್ಟರಲ್ಲಿ ಅಂಗಡಿ ಪೂರ್ತಿ ಸರಿಯಾಗಬೇಕು. ಮರುತಪಾಸಣೆಯಲ್ಲಿ ಜೀವಂತ ಜಿರಳೆ ಒಂದೇ ಒಂದು ಸಿಕ್ಕರೂ ಜಾಗ ಬೇರೆಯವರಿಗೆ. ಇಷ್ಟು ಹೇಳಿ ಅಧಿಕಾರಿ ಪಕ್ಕದ ಜ್ಯೂಸ್ ಅಂಗಡಿಗೆ ಹೋದರು. ಅಲ್ಲಿ ಎಲ್ಲ ಫಳಫಳ. ಮಿಕ್ಸರುಗಳ ಕೆಳಗೆ, ಹಣ್ಣಿನ ಬುಟ್ಟಿಗಳ ಹಿಂದೆ ಟಾರ್ಚ್ ಆಡಿತು, ಏನೂ ಸಿಗಲಿಲ್ಲ. "ಇದನ್ನ ನೋಡಿ ಕಲೀರಿ" ಎಂದು ಅವರು ಯಾರಿಗೂ ನಿರ್ದಿಷ್ಟವಾಗಿ ಹೇಳದೆ ಹೊರಟುಹೋದರು.

ಬೇಕರಿಯಕ್ಕ ಎಂದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರರೂ ಅಕ್ಕ ಎನ್ನುತ್ತಾರೆ, ಅವಳಿಗಿಂತ ಹಿರಿಯ ವಾಚ್‌ಮನ್ನೂ ಅಕ್ಕ ಎನ್ನುತ್ತಾನೆ. ಕಲ್ಲಿನ ಮೇಜನ್ನು ಅವಳು ದಿನಕ್ಕೆ ಎಷ್ಟು ಸಲ ಒರೆಸುತ್ತಾಳೆಂದರೆ, "ಅಕ್ಕ, ಕಲ್ಲು ಸವೆದು ಆಚೆ ಬದಿ ಕಾಣ್ತಿದೆ" ಎಂದು ನರ್ಸುಗಳು ರೇಗಿಸುತ್ತಿದ್ದರು. ಅಂಥವಳ ಅಂಗಡಿಯ ಮುಂದೆ ಈಗ ಅದೇ ನರ್ಸುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ರೋಗಿಗಳ ಕಡೆಯವನೊಬ್ಬ ಅರ್ಧ ತಿಂದ ಪಫ್ಸನ್ನು ಕಸದ ಡಬ್ಬಿಗೆ ಹಾಕಿ, ಅವಳ ಮುಖ ನೋಡಿ, ನೋಡದವನ ಹಾಗೆ ನಡೆದ.

ಎಲ್ಲರಿಗಿಂತ ಮೊದಲು ಓಡಿಬಂದು ತಬ್ಬಿಕೊಂಡವಳು ತಂಗಿ. ಜ್ಯೂಸ್ ಅಂಗಡಿ ಅವಳದ್ದೇ. ಸಣ್ಣ ಮೈಕಟ್ಟು, ಒಂದು ಕಡೆ ನಿಲ್ಲದ ಕಾಲು. ಅದಕ್ಕೇ ಮನೆಯಲ್ಲಿ ಅವಳು ಗುಬ್ಬಿ.

"ಅಳಬೇಡ ಅಕ್ಕ. ಒಂದು ವಾರ ತಾನೆ? ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಆಗುತ್ತೆ. ನಾನಿಲ್ವಾ?" ಎಂದು ಗುಬ್ಬಿ ಅಕ್ಕನ ಬೆನ್ನು ನೀವಿದಳು. ಟೀ ತರಿಸಿದಳು. ನೋಡುತ್ತಾ ನಿಂತವರಿಗೆ, "ಏನ್ ಸಿನಿಮಾ ಇದ್ಯಾ ಇಲ್ಲಿ? ಹೋಗ್ರಿ ಹೋಗ್ರಿ" ಎಂದು ಗದರಿದಳು.

ಬೇಕರಿಯಕ್ಕನಿಗೆ ಅಳು ಬಂದದ್ದು ಆಗಲೇ. ಇವಳೊಬ್ಬಳಿದ್ದಾಳಲ್ಲ ಎನ್ನಿಸಿ.

ಗುಬ್ಬಿಗೆ ಆ ಜಾಗ ಕೊಡಿಸಿದವಳು ಬೇಕರಿಯಕ್ಕ. ಎರಡು ವರ್ಷದ ಹಿಂದೆ ಪಕ್ಕದ ಅಂಗಡಿ ಖಾಲಿಯಾದಾಗ, ಆಡಳಿತದವರ ಮುಂದೆ ಕೂತು, "ಅವಳು ನನ್ನ ಕೈಯಲ್ಲಿ ಬೆಳೆದವಳು. ಅವಳ ಶುಚಿಗೆ ನಾನು ಜವಾಬ್ದಾರಿ" ಎಂದಿದ್ದಳು. ಆ ಆಡಳಿತದವರೆಲ್ಲ ಈಗ ಬದಲಾಗಿದ್ದರು. ಮಾತು ಕೊಟ್ಟವಳು ಮಾತ್ರ ಮರೆತಿರಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಗುಬ್ಬಿ ಎಲ್ಲಿಂದಲೋ ಒಂದು ಹಳೇ ಫ್ರಿಜ್ ತಂದಳು. ಮುಚ್ಚಿಹೋದ ಹೋಟೆಲಿನದ್ದು, ಆಳೆತ್ತರ. ಅದು ಬಂದ ಮೇಲೆ ಅವಳ ಅಂಗಡಿಯಲ್ಲಿ ಜಿರಳೆ ಕಾಣಿಸಿಕೊಂಡಿತು. ಬೇಕರಿಯಕ್ಕನೇ ಫೋನ್ ಮಾಡಿ ಜಿರಳೆ ಮೇಷ್ಟ್ರನ್ನು ಕರೆಸಿದಳು. ಕೀಟ ನಿಯಂತ್ರಣ ಅವನ ವೃತ್ತಿ. ಕೆಲಸಕ್ಕಿಂತ ಪಾಠವೇ ಹೆಚ್ಚು ಮಾಡುತ್ತಾನೆಂದು ಆ ಅಡ್ಡಹೆಸರು. ಅವನು ಎರಡೂ ಅಂಗಡಿಗಳ ಸಂದುಗೊಂದಿಗಳಲ್ಲಿ ಸಾಸಿವೆ ಗಾತ್ರದ ಔಷಧಿ ಅಂಟಿನ ಬೊಟ್ಟುಗಳನ್ನಿಟ್ಟು, ಅಕ್ಕತಂಗಿಯರನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದ್ದ.

"ಇದನ್ನ ತಿಂದು ಗೂಡಿಗೆ ಹೋಗಿ ಸಾಯ್ತವೆ. ಸತ್ತದ್ದನ್ನ ಉಳಿದವು ತಿಂತವೆ, ಅವೂ ಸಾಯ್ತವೆ. ನಿಧಾನ, ಆದ್ರೆ ವಂಶ ನಿರ್ವಂಶ. ನೀವು ಮಾಡ್ಬೇಕಾದ್ದು ಒಂದೇ, ಸುಮ್ಮನಿರೋದು. ಒಂದು ಕಂಡ ತಕ್ಷಣ ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದು ಬುಸ್ ಅನ್ನಿಸಿದ್ರೋ, ಮುಗೀತು. ಆ ವಾಸನೆಗೆ ನನ್ನ ಔಷಧೀನ ಮುಟ್ಟಲ್ಲ. ಮೊಟ್ಟೆ ಚೀಲಕ್ಕೆ ಏನೂ ಆಗಲ್ಲ. ಮಿಕ್ಕಿದ್ದೆಲ್ಲ ಗೋಡೆ ದಾಟಿ ಪಕ್ಕದ ಮನೆಗೆ ಗುಳೆ ಹೋಗ್ತವೆ."

"ಪಕ್ಕದ ಮನೆ ಅಂದ್ರೆ ಅಕ್ಕನ ಮನೆ" ಎಂದು ಗುಬ್ಬಿ ನಕ್ಕಿದ್ದಳು.

"ನಗಬೇಡಮ್ಮ. ಎರಡೂ ಅಂಗಡಿಗೆ ಗೋಡೆ ಒಂದೇ. ನೀರಿನ ಪೈಪು ಹೋಗೋ ತೂತು ಕೈ ತೂರೋಷ್ಟಿದೆ. ಫಾಲ್ಸ್ ಸೀಲಿಂಗ್ ಮೇಲಂತೂ ನಿಮ್ಮಿಬ್ಬರದ್ದೂ ಒಂದೇ ಆಕಾಶ. ಸ್ಪ್ರೇ ಹೊಡೆದ್ರೆ ನನ್ನ ಕರೀಬೇಡಿ."

ಇಬ್ಬರೂ ತಲೆಯಾಡಿಸಿದ್ದರು.

ಅದೇ ಮೇಷ್ಟ್ರು ಮಂಗಳವಾರ ಮಧ್ಯಾಹ್ನ ಮತ್ತೆ ಬಂದ. ಬೀಗ ತೆಗೆಯಲು ಅನುಮತಿ ಪಡೆದು ಒಳಗೆ ಹೋದರು. ಜೊತೆಗೆ ಒಲೆ ನೋಡಿಕೊಳ್ಳುವ ಒಲೆಯಣ್ಣ, ಬೇಕರಿ ಶುರುವಾದಾಗಿನಿಂದ ಇರುವವನು. ಮೇಷ್ಟ್ರು ಕಪಾಟಿನ ಹೊಟ್ಟೆಯೊಳಗೆ ತಲೆ ತೂರಿಸಿ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಹುಬ್ಬು ಗಂಟಾಗಿತ್ತು.

"ಇವು ನಿಮ್ಮ ಮನೇವಲ್ಲ ಅಕ್ಕ."

"ಹಾಗಂದ್ರೆ?"

"ಸಂಸಾರ ಮಾಡ್ಕೊಂಡಿದ್ರೆ ಸುತ್ತ ಮೆಣಸಿನ ಪುಡಿ ಉದುರಿಸಿದ ಹಾಗೆ ಹಿಕ್ಕೆ ಇರ್ಬೇಕು. ಕಳಚಿದ ಸಿಪ್ಪೆ ಇರ್ಬೇಕು. ಒಂದೂ ಇಲ್ಲ. ತಗಡು ಕನ್ನಡಿ ಹಾಗಿದೆ. ಇವು ನಿನ್ನೆ ಬಂದ ನೆಂಟ್ರು. ಬೆಚ್ಚಗಿದೆ, ಒದ್ದೆ ಇದೆ, ಇಲ್ಲೇ ಠಿಕಾಣಿ ಹೂಡಿವೆ. ಇನ್ನೊಂದು, ಹಗಲಲ್ಲಿ ಹೀಗೆ ತೂರಾಡ್ತಿವೆ ಅಂದ್ರೆ ವಿಷ ತಾಗಿದೆ. ನನ್ನ ಔಷಧಿ ಅಲ್ಲ, ಅದು ಇಟ್ಟ ಹಾಗೇ ಇದೆ. ಯಾರೋ ಸ್ಪ್ರೇ ಹೊಡೆದಿದ್ದಾರೆ."

"ನಾನು ಹೊಡೆದಿಲ್ಲ."

"ಎಲ್ರೂ ಹಾಗೇ ಅಂತಾರೆ" ಎಂದ ಮೇಷ್ಟ್ರು, ಟೋಪಿ ತೆಗೆದು ತಲೆ ಕೆರೆಯುತ್ತ.

ಬೇಕರಿಯಕ್ಕ ಒಲೆಯಣ್ಣನ ಕಡೆ ತಿರುಗಿದಳು. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುವವನು ಅವನು. ಇವತ್ತು ತೆಗೆದಾಗ ಒಂದು ಜಿರಳೆ ಕಂಡಿತ್ತು, ಕಾಲಲ್ಲಿ ಹೊಸಕಿದೆ ಎಂದು ಅವನೇ ಹೇಳಿದ್ದ.

"ನೀನೇನಾದ್ರೂ ಬುದ್ಧಿವಂತಿಕೆ ತೋರಿಸಿದ್ಯಾ? ಡಬ್ಬಿ ಗಿಬ್ಬಿ ತಂದು ಹೊಡೆದ್ಯಾ? ಹೊಡೆದಿದ್ರೆ ಹೇಳಿಬಿಡು, ನಾನೇನೂ ಅನ್ನಲ್ಲ."

ಒಲೆಯಣ್ಣ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದ. "ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಒಳ್ಳೆ ಮಾತು ಕೇಳಿದೆ ಅಕ್ಕ. ನನ್ನ ತಲೆಗೆ ಕಟ್ಟೋದಾದ್ರೆ ಕಟ್ಟಿ. ಆದ್ರೆ ಅದಕ್ಕೆ ಮೊದಲು ಆ ಮೂಲೆಗೆ ಹೋಗಿ ಒಂದ್ಸಲ ಮೂಸಿ ನೋಡಿ. ಬೆಳಿಗ್ಗೆಯಿಂದ ನಂಗೆ ಮೂಗು ಕಟ್ಟಿದ ಹಾಗಾಗ್ತಿದೆ."

ಮೂಲೆಯಲ್ಲಿ ಗೋಡೆ ಹಾದು ಬರುವ ನೀರಿನ ಪೈಪು. ಬೇಕರಿಯಕ್ಕ ಬಗ್ಗಿದಳು. ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಬಟ್ಟೆ ತೆಗೆಯದೆ ಹೇಳುವ ಮೂಗು ಅವಳದ್ದು. ಸೀಮೆಎಣ್ಣೆಗೆ ಅಗ್ಗದ ಅತ್ತರು ಬೆರೆಸಿದಂಥ ವಾಸನೆ ಗೋಡೆಯ ಆಚೆಯಿಂದ, ತೂತಿನೊಳಗಿಂದ ಬರುತ್ತಿತ್ತು. ಪೈಪಿನ ಕೆಳಗೆ ಮೂರೋ ನಾಲ್ಕೋ ಅಂಗಾತ ಸತ್ತು ಬಿದ್ದಿದ್ದವು.

"ಗುಬ್ಬಿ ಗೊತ್ತಿಲ್ದೆ ಹೊಡೆದಿರ್ಬೇಕು" ಎಂದಳು, ಮೇಲೆದ್ದು. "ಭಯ ಅವಳಿಗೆ. ಚಿಕ್ಕಂದಿನಿಂದಲೂ ಜಿರಳೆ ಕಂಡ್ರೆ ಕುರ್ಚಿ ಹತ್ತೋಳು."

"ಇರ್ಬಹುದು" ಎಂದ ಮೇಷ್ಟ್ರು. "ಹೋಗಿ ನೋಡ್ಕೊಂಡು ಬರೋಣ."

ಗುಬ್ಬಿ ಹಣ್ಣು ಕೊಳ್ಳಲು ಮಾರುಕಟ್ಟೆಗೆ ಹೋಗಿದ್ದಳು. ಅವಳ ಅಂಗಡಿಯ ಬೀಗದ ಒಂದು ಕೈ ಅಕ್ಕನ ಬಳಿ ಯಾವಾಗಲೂ ಇರುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ವಾಸನೆ ಮುಖಕ್ಕೆ ರಾಚಿತು. ಬೆಳಿಗ್ಗೆ ಅದನ್ನು ಮುಚ್ಚಿಟ್ಟಿದ್ದ ಕಿತ್ತಳೆ ಸಿಪ್ಪೆಯ ಘಮ ಬಾಗಿಲು ಹಾಕಿದ ಅಂಗಡಿಯಲ್ಲಿ ಸಾಲುತ್ತಿರಲಿಲ್ಲ. ಮೇಷ್ಟ್ರು ಟಾರ್ಚ್ ಹಿಡಿದು ಬಾಗಿಲ ಬದಿಯಿಂದ ಶುರು ಮಾಡಿದ. ಗೋಡೆಯ ಬುಡದಲ್ಲಿ ಎಣ್ಣೆಜಿಡ್ಡಿನಂಥ ತೇವ ಒಂದೇ ಸಾಲಾಗಿ ಒಣಗಿತ್ತು. ಬಾಗಿಲಿನಿಂದ ಹೊರಟು, ಉಳಿದ ಗೋಡೆಗಳುದ್ದಕ್ಕೂ ಸಾಗಿ, ಬೇಕರಿಯ ಗೋಡೆಯ ಹತ್ತಿರ ಬಂದು ನಿಂತಿತ್ತು. ಆ ಗೋಡೆಗೆ ಮಾತ್ರ ಹೊಡೆದಿರಲಿಲ್ಲ.

"ಕುರಿ ಅಟ್ಟಿದ ಹಾಗೆ ಅಟ್ಟಿದ್ದಾರೆ" ಎಂದ ಮೇಷ್ಟ್ರು ಮೆಲ್ಲಗೆ.

ಪೈಪಿನ ತೂತಿನ ಹತ್ತಿರ ಬಂದಾಗ ಅವನು ಟಾರ್ಚನ್ನು ಅಲ್ಲಿಗೇ ಹಿಡಿದ. ತೂತಿನ ಸುತ್ತ ಅಗಲವಾದ ಬೆಳ್ಳಿ ಬಣ್ಣದ ಟೇಪು. ಹೊಸದು. ಪೈಪಿನ ಸುತ್ತ ಮೂರು ಸುತ್ತು ಸುತ್ತಿ, ಗೋಡೆಗೆ ಅಂಟಿಸಿ, ಒಂದು ಸುಕ್ಕೂ ಇಲ್ಲದಂತೆ ಬೆರಳಿನಿಂದ ತೀಡಿತ್ತು. ಅದರ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ.

ಹೆದರಿ ಹೊಡೆದವರು ಎಲ್ಲೆಂದರಲ್ಲಿ ಹೊಡೆಯುತ್ತಾರೆ. ಎಲ್ಲವನ್ನೂ ಒಂದು ತೂತಿನ ಕಡೆ ಅಟ್ಟಿ, ಕೊನೆಯದು ದಾಟುವವರೆಗೆ ಕಾದು, ಹಿಂದಿನಿಂದ ಬಾಗಿಲು ಹಾಕುವುದಿಲ್ಲ. ಬೇಕರಿಯಕ್ಕ ಟೇಪಿನ ಅಂಚನ್ನು ಉಗುರಿನಲ್ಲಿ ಮುಟ್ಟಿದಳು. ಕೀಳಲಿಲ್ಲ.

ಗುಬ್ಬಿ ಸಂಜೆ ನಾಲ್ಕಕ್ಕೆ ಹಣ್ಣಿನ ಚೀಲಗಳ ಸಮೇತ ಬಂದಾಗ ಅಕ್ಕ ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಮೇಷ್ಟ್ರನ್ನೂ ಒಲೆಯಣ್ಣನನ್ನೂ ಆಚೆ ಕಳಿಸಿದ್ದಳು.

"ಏನಕ್ಕ, ಕತ್ತಲಲ್ಲಿ ಕೂತಿದ್ಯ? ದೀಪ ಹಾಕ್ಬಾರ್ದಾ?"

"ನಿನ್ನೆ ಎಷ್ಟೊತ್ತಿಗೆ ಅಂಗಡಿ ಮುಚ್ಚಿದೆ?"

"ದಿನಾ ಮುಚ್ಚೋ ಹೊತ್ತಿಗೆ. ಯಾಕೆ?"

"ಟೇಪು ಚೆನ್ನಾಗಿ ಅಂಟಿಸಿದ್ದೀಯ. ನಿನ್ನ ಪುಸ್ತಕಕ್ಕೆಲ್ಲ ನಾನೇ ರಟ್ಟು ಹಾಕ್ಬೇಕಿತ್ತು. ಯಾವಾಗ ಕಲಿತೆ?"

ಗುಬ್ಬಿ ಚೀಲ ಕೆಳಗಿಟ್ಟಳು. ಒಂದು ಮೋಸಂಬಿ ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು. ಮೊದಲು ಏನು ಟೇಪು ಎಂದಳು. ಆಮೇಲೆ, ಅದು ಹೋದ ತಿಂಗಳೇ ಹಾಕಿದ್ದು ಎಂದಳು. ಆಮೇಲೆ ಸ್ಪ್ರೇ ಹೊಡೆದದ್ದು ಗಂಡ, ತನಗೆ ಗೊತ್ತೇ ಇಲ್ಲ ಎಂದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಕಡೆಗೆ ಗುಬ್ಬಿಯ ಅಳು ಒಡೆಯಿತು. ಅತ್ತು ಮುಗಿದ ಮೇಲೆ ಬಂದ ದನಿ ಬೇರೆಯದೇ ಆಗಿತ್ತು.

"ನಂಗೆ ಆಗಲೇ ಒಂದು ಎಚ್ಚರಿಕೆ ಕೊಟ್ಟಿದ್ರು, ಗೊತ್ತಾ ನಿಂಗೆ? ಎರಡು ತಿಂಗಳ ಹಿಂದೆ. ನಿಂಗೆ ಹೇಳಿರಲಿಲ್ಲ. ಇನ್ನೊಂದು ಸಲ ಸಿಕ್ಕಿದ್ರೆ ಗಡುವೂ ಇಲ್ಲ, ಗಿಡುವೂ ಇಲ್ಲ, ಅವತ್ತೇ ಖಾಲಿ ಮಾಡ್ಬೇಕು. ನಿನ್ನೆ ಸಂಜೆ ಇವರು ಬಂದು, ನಾಳೆ ತಪಾಸಣೆ ಅಂದ್ರು. ನಾನೇನ್ ಮಾಡ್ಲಿ?"

"ನಂಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ? ನಿನ್ನ ಅಂಗಡಿಗೆ ಓಡಿಸ್ಕೋ ಗುಬ್ಬಿ ಅಂತಿದ್ಯಾ?"

"ಇಬ್ಬರೂ ಕೂತು ಫ್ರಿಜ್ ಬಿಚ್ಚಿ ತೊಳೀತಿದ್ವಿ."

"ಒಂದು ಸಂಜೇಲಿ ಹೋಗೋವಾ ಅವು? ಮೇಷ್ಟ್ರು ಪಾಠ ನೀನೂ ಕೇಳಿದ್ದೀಯ." ಗುಬ್ಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಂದು ಮೊದಲನೇ ಸಲ ಅಕ್ಕ. ನಿಂಗೆ ಗಡುವು ಕೊಡ್ತಾರೆ ಅಂತ ಗೊತ್ತಿತ್ತು. ಒಂದು ವಾರ ನೀನು ತಡ್ಕೋತೀಯ. ನಾನು ತಡ್ಕೊಳಲ್ಲ. ಅಷ್ಟೇ ಲೆಕ್ಕ ಹಾಕಿದ್ದು. ನಿನ್ನ ಹಾಳು ಮಾಡ್ಬೇಕು ಅಂತಲ್ಲ."

ಲೆಕ್ಕ ತಪ್ಪಾಗಿರಲಿಲ್ಲ. ಬೇಕರಿಯಕ್ಕನನ್ನು ಹೆಚ್ಚು ನೋಯಿಸಿದ್ದು ಅದೇ. ಅಕ್ಕ ಎಷ್ಟು ಭಾರ ಹೊರಬಲ್ಲಳು ಎಂಬುದನ್ನು ಚಿಕ್ಕಂದಿನಿಂದ ಹತ್ತಿರವಿದ್ದು ನೋಡಿದವಳು ಹಾಕಿದ ಲೆಕ್ಕ ಅದು. ಬೆಳಿಗ್ಗೆ ತಬ್ಬಿಕೊಂಡು ಒಂದು ವಾರ ತಾನೆ ಎಂದದ್ದು ಸಮಾಧಾನದ ಮಾತಾಗಿರಲಿಲ್ಲ. ಮೊದಲೇ ಮಾಡಿಟ್ಟ ಅಂದಾಜಾಗಿತ್ತು.

ಮನೆಗೆ ಹೋಗುವ ದಾರಿಯಲ್ಲೇ ಅಮ್ಮನ ಫೋನ್ ಬಂತು. ಅಮ್ಮ ಇರುವುದು ಗುಬ್ಬಿಯ ಮನೆಯಲ್ಲಿ.

"ಬಂದು ಒಂದೇ ಸಮ ಅಳ್ತಿದ್ದಾಳೆ ಕಣೇ. ಊಟ ಮಾಡಿಲ್ಲ."

"ನಾನೂ ಮಾಡಿಲ್ಲಮ್ಮ."

"ನಿಂಗೇನು, ನೀನು ಗಟ್ಟಿ. ತಪ್ಪು ಮಾಡಿದ್ದಾಳೆ, ಇಲ್ಲ ಅಂತೀನಾ? ಚಿಕ್ಕೋಳು. ಹೊಟ್ಟೆಗೆ ಹಾಕ್ಕೋ. ಒಂದು ಮಾತು ಮೇಲಿನವರಿಗೆ ಹೋದ್ರೆ ಅವಳ ಅಂಗಡಿ ಹೋಗುತ್ತೆ, ಅಳಿಯಂದ್ರ ಕೆಲಸಕ್ಕೂ ಕುತ್ತು. ನೀನು ಬಾಯಿ ಬಿಡಲ್ಲ ಅಂತ ಹೇಳು."

"ಚಿಕ್ಕೋಳಿಗೆ ಮೂವತ್ತಾರು ವರ್ಷ ಅಮ್ಮ."

"ನನ್ನ ಕಣ್ಣಿಗೆ ನೀವಿಬ್ಬರೂ ಇಷ್ಟಿಷ್ಟೇ ಇದ್ದೀರ. ಹೇಳು, ಬಿಡಲ್ಲ ಅಂತ."

ಬೇಕರಿಯಕ್ಕ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು. ಬಸ್ಸೊಂದು ಬಂತು, ಹೋಯಿತು. "ಬಿಡಲ್ಲ" ಎಂದಳು.

ಕೊಟ್ಟ ಮಾತಿನಂತೆ ಅವಳು ಬುಧವಾರ ಬೆಳಿಗ್ಗೆ ಎಲ್ಲವನ್ನೂ ಹೊಂದಿಸಿದಳು. ಫ್ರಿಜ್ಜನ್ನು ಭಾನುವಾರ, ಜನ ಕಡಿಮೆ ಇರುವಾಗ, ಸದ್ದಿಲ್ಲದೆ ಸಾಗಿಸುವುದು. ಅದೇ ದಿನ ಮೇಷ್ಟ್ರು ಎರಡೂ ಅಂಗಡಿಗಳಿಗೆ ಮತ್ತೆ ಔಷಧಿ ಇಡುವುದು. ಗುಬ್ಬಿ ಹೂಂಗುಟ್ಟಿದಳು. ಮೇಷ್ಟ್ರು ಒಪ್ಪಲಿಲ್ಲ.

"ಭಾನುವಾರ ಇಟ್ಟ ಔಷಧಿ ಮಂಗಳವಾರದೊಳಗೆ ಕೆಲಸ ಮುಗಿಸಲ್ಲ ಅಕ್ಕ. ಆ ಫ್ರಿಜ್ಜಿನ ಮೋಟಾರಿನ ಹಿಂದೆ ಊರಿಗೆ ಊರೇ ಇದೆ. ಇವತ್ತೇ ಬಿಚ್ಚಬೇಕು. ತೂತಿಗೆ ಟೇಪು ಹಾಕಿದ್ರೇನು, ಮೇಲಿಂದ ಬರ್ತವೆ. ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿ."

"ಹೇಳೋಕಾಗಲ್ಲ. ನೀವೂ ಹೇಳ್ಬೇಡಿ."

"ನನ್ನ ಯಾರೂ ಕೇಳಲ್ಲ ಬಿಡಿ. ಕೇಳಿದ್ರೆ ಸುಳ್ಳು ಹೇಳೋನಲ್ಲ." ಚೀಲ ಹೆಗಲಿಗೇರಿಸುತ್ತ ಅವನು ಅಂದ, "ಜಾಗ ನಿಮ್ಮದು ಹೋಗುತ್ತೆ ಅಕ್ಕ. ಅವರದ್ದಲ್ಲ."

ಒಲೆಯಣ್ಣ ಕಪಾಟಿನ ಒಂದೊಂದು ಭಾಗವನ್ನೂ ಬಿಚ್ಚಿ ಬಿಸಿನೀರಿನಲ್ಲಿ ಉಜ್ಜುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಇನ್ನೊಂದು ಬ್ರಷ್ ಎತ್ತಿಕೊಂಡಳು. "ನಿನ್ನೆ ಹಾಗೆ ಕೇಳಬಾರದಿತ್ತು" ಎಂದಳು. ಅವನು "ಆಯ್ತು ಬಿಡಿ ಮೇಡಂ" ಎಂದ. ಅವನ ಬಾಯಲ್ಲಿ ಅವಳು ಮೇಡಂ ಆದದ್ದು ಅದೇ ಮೊದಲು.

ಹನ್ನೊಂದು ಗಂಟೆಗೆ ಅಧಿಕಾರಿಯ ಕೋಣೆಯಿಂದ ಕರೆ ಬಂತು. ಬೇಕರಿಯಕ್ಕ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದಳು. ರಟ್ಟಿನ ಪೆಟ್ಟಿಗೆಗಳ ಜೊತೆ ಬಂದಿರಬೇಕು, ತನ್ನದೇ ಅಜಾಗರೂಕತೆ, ಇನ್ನು ಮುಂದೆ ಪೆಟ್ಟಿಗೆಗಳನ್ನು ಒಳಗೆ ಸೇರಿಸುವುದಿಲ್ಲ. ಹೇಳಿಬಿಟ್ಟಳು ಕೂಡ. ಅಧಿಕಾರಿ ಅಡ್ಡ ಬಾರದೆ ಕೇಳಿಸಿಕೊಂಡರು.

"ಮಕ್ಕಳ ವಾರ್ಡಿನಲ್ಲಿ ಉಬ್ಬಸದ ಮಕ್ಕಳಿದ್ದಾರೆ" ಎಂದರು ಆಮೇಲೆ. "ಜಿರಳೆಯ ಸಿಪ್ಪೆ, ಹಿಕ್ಕೆ ಪುಡಿಯಾಗಿ ಗಾಳಿಗೆ ಸೇರಿದರೆ ಅವರಿಗೆ ಉಸಿರು ಕಟ್ಟುತ್ತೆ. ಚರಂಡಿಯಲ್ಲಿ ನಡೆದ ಕಾಲಲ್ಲೇ ಬನ್ನಿನ ಮೇಲೆ ನಡೆದರೆ ಭೇದಿ. ನಿಮ್ಮ ಮೇಲೆ ನನಗೇನೂ ದ್ವೇಷವಿಲ್ಲ. ನಿಜ ಹೇಳಬೇಕೆಂದರೆ ಎರಡು ತಿಂಗಳ ಹಿಂದೆ ನಿಮ್ಮ ಬಗ್ಗೆ ದೂರು ಬಂದಾಗ ನಾನು ನಂಬಿರಲೇ ಇಲ್ಲ."

"ದೂರು?"

"ಪಕ್ಕದ ಜ್ಯೂಸ್ ಅಂಗಡಿಯವರಿಗೆ ಎಚ್ಚರಿಕೆ ಕೊಟ್ಟೆನಲ್ಲ, ಆಗ. ನಮ್ಮಲ್ಲಿ ಏನೂ ಇಲ್ಲ, ಎಲ್ಲ ಬೇಕರಿಯಿಂದ ಬರ್ತವೆ, ಹಿಟ್ಟು ಉಬ್ಬಿಸುವ ಕಪಾಟಿನ ಕೆಳಗಿನ ತಗಡು ಬಿಚ್ಚಿ ನೋಡಿ ಅಂದ್ರು. ಹೋದ ವಾರ ಮತ್ತೆ ಬಂದು ಅದನ್ನೇ ಹೇಳಿದ್ರು. ಪಕ್ಕದವರ ಜಗಳ ಅಂತ ಬಿಟ್ಟಿದ್ದೆ. ಸೋಮವಾರ ಯೋಚಿಸಿದೆ, ಒಂದು ಸಲ ನೋಡಿಬಿಡೋಣ ಅಂತ."

ನಿನ್ನೆ ಈಕೆ ಎಲ್ಲೂ ನಿಲ್ಲದೆ ನೆಟ್ಟಗೆ ಕಪಾಟಿನ ಮುಂದೆ ಬಂದು ಕೂತದ್ದು ಬೇಕರಿಯಕ್ಕನ ಕಣ್ಣ ಮುಂದೆ ಬಂತು. ಸೋಮವಾರ ಸಂಜೆಯ ಗಾಬರಿಯಲ್ಲಿ ಮಾಡಿದ ಕೆಲಸ ಎಂದು ತಂಗಿ ಹೇಳಿದ್ದಳು, ತಾನು ಅಷ್ಟನ್ನು ನುಂಗಿಕೊಂಡಿದ್ದಳು. ಆದರೆ ಎರಡು ತಿಂಗಳ ಹಿಂದೆ ಬೇಕರಿಯಲ್ಲಿ ಒಂದು ಜಿರಳೆಯೂ ಇರಲಿಲ್ಲ. ಆ ಎರಡು ತಿಂಗಳೂ ಗುಬ್ಬಿ ದಿನಾ ಬಂದು ಅದೇ ಕಪಾಟಿಗೆ ಒರಗಿ ನಿಂತು, ಬಿಸಿ ಬನ್ನು ತಿನ್ನುತ್ತ, ಹರಟೆ ಹೊಡೆದು ಹೋಗಿದ್ದಳು.

"ಜ್ಯೂಸ್ ಅಂಗಡಿಯವಳು ನನ್ನ ತಂಗಿ" ಎಂದಳು ಬೇಕರಿಯಕ್ಕ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಸ್ವಂತ ತಂಗಿ?"

"ಒಂದೇ ತಾಯಿ ಮಕ್ಕಳು." ಅವಳು ಕುರ್ಚಿಯಿಂದ ಎದ್ದು ನಿಂತಳು. ಕೂತು ಹೇಳುವ ಮಾತಲ್ಲ ಎನ್ನಿಸಿತ್ತು. "ರಟ್ಟಿನ ಪೆಟ್ಟಿಗೆ ಅಂದದ್ದು ಸುಳ್ಳು ಮೇಡಂ. ಅವಳ ಫ್ರಿಜ್ಜಿನ ಹಿಂದಿನ ತಗಡು ಬಿಚ್ಚಿಸಿ ನೋಡಿ. ಗೋಡೆಯ ಬುಡ ಮೂಸಿ ನೋಡಿ. ಪೈಪಿನ ತೂತಿನ ಆಚೆ ಬದಿಯಲ್ಲಿ ಟೇಪಿದೆ, ಅದನ್ನೂ ನೋಡಿ. ಸ್ಕ್ರೂ ಬಿಚ್ಚೋಕೆ ಮಾತ್ರ ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ನಿಮ್ಮ ಅಟೆಂಡರ್ ಅವಳ ಗಂಡ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಟೆಂಡರ್ ಎದ್ದು ನಿಂತ. "ಅತ್ತಿಗೆ" ಎಂದ.

ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆಯಲು ಮೂವರು ಬೇಕಾದರು. ಹಿಂದಿನ ತಗಡು ತೆಗೆದ ಎಲೆಕ್ಟ್ರಿಷಿಯನ್ ಅದನ್ನು ಕೈಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಸ್ಪ್ರೇ ಅಲ್ಲಿಗೆ ಮುಟ್ಟಿರಲಿಲ್ಲ. ಮೋಟಾರಿನ ಸುತ್ತ, ವೈರುಗಳ ಮೇಲೆ, ತಗಡಿನ ಮಡಿಕೆಗಳಲ್ಲಿ ದೊಡ್ಡವು, ಸಣ್ಣವು, ಬೆನ್ನಿನ ಹಿಂದೆ ಮೊಟ್ಟೆ ಚೀಲ ಹೊತ್ತವು ಒಂದರ ಮೇಲೊಂದು ಕದಲುತ್ತಿದ್ದವು. ಕೆಳಗೆ ಮೆಣಸಿನ ಪುಡಿಯಂಥ ಕಪ್ಪು ಪದರ ಬೆರಳು ದಪ್ಪಕ್ಕೆ ಕೂತಿತ್ತು. ಜ್ಯೂಸಿಗೆ ಕಾಯುತ್ತಿದ್ದವರಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ಕಾರಿಡಾರಿನ ಕಡೆ ಓಡಿದಳು.

ಗುಬ್ಬಿ ಮಿಕ್ಸರಿನ ಮುಂದೆ ನಿಂತಲ್ಲೇ ನಿಂತಿದ್ದಳು. ಅಧಿಕಾರಿಯನ್ನು ನೋಡಲಿಲ್ಲ, ಫ್ರಿಜ್ಜನ್ನು ನೋಡಲಿಲ್ಲ.

"ಅಮ್ಮನಿಗೆ ನೀನು ಮಾತು ಕೊಟ್ಟಿದ್ದೆ ಅಲ್ವಾ?" ಎಂದಳು ಅಕ್ಕನಿಗೆ.

"ಕೊಟ್ಟಿದ್ದೆ. ಎರಡು ತಿಂಗಳಿಂದ ನೀನು ಮಾಡ್ತಿದ್ದದ್ದು ಆಗ ಗೊತ್ತಿರಲಿಲ್ಲ."

"ಒಂದು ವಾರ ಸುಮ್ಮನಿದ್ದಿದ್ರೆ ಇಬ್ಬರದ್ದೂ ಉಳೀತಿತ್ತು."

"ನಿಂದು ಉಳೀತಿತ್ತು" ಎಂದಳು ಬೇಕರಿಯಕ್ಕ. "ನಂದು ಹೋಗ್ತಿತ್ತು. ನಿಂಗದು ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳಿಬಿಡು ಗುಬ್ಬಿ, ನಾನು ಹೊರಟುಹೋಗ್ತೀನಿ."

ಗುಬ್ಬಿ ಏಪ್ರನ್ ಬಿಚ್ಚಿ, ಮಡಚಿ, ಕಟ್ಟೆಯ ಮೇಲಿಟ್ಟು, ಅಕ್ಕನ ಪಕ್ಕದಿಂದಲೇ ಹಾದು ಹೊರಗೆ ನಡೆದಳು. ಹಾಯುವಾಗ ಇಬ್ಬರ ಭುಜ ತಾಗಿತು.

ಜ್ಯೂಸ್ ಅಂಗಡಿಗೆ ಆ ಮಧ್ಯಾಹ್ನವೇ ಬೀಗ ಹಾಕಿದರು. ಮೇಷ್ಟ್ರು ಗುರುವಾರ ಎರಡೂ ಕಡೆ, ಫಾಲ್ಸ್ ಸೀಲಿಂಗಿನ ಮೇಲೂ ಔಷಧಿ ಇಟ್ಟ. ಮುಂದಿನ ಮಂಗಳವಾರ ತಪಾಸಣೆಯಾಯಿತು. ಬೇಕರಿಯಲ್ಲಿ ಸತ್ತ ಜಿರಳೆ ಒಂದು ಸಿಕ್ಕಿತು, ಬದುಕಿರುವುದು ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಐದಕ್ಕೆ ಒಲೆಯಣ್ಣ ಬಾಗಿಲು ತೆಗೆದ. ಮಕ್ಕಳ ವಾರ್ಡಿಗೆ ಬನ್ನು ಕಳಿಸುವ ಕೆಲಸವನ್ನು ಆಸ್ಪತ್ರೆಯವರು ಅಷ್ಟರಲ್ಲಿ ಬೇರೆ ಬೇಕರಿಗೆ ವಹಿಸಿದ್ದರು. ಅದು ತಿರುಗಿ ಬರಲಿಲ್ಲ. ಸಂಜೆ ಬೇಕರಿಯಕ್ಕ ಅಮ್ಮನಿಗೆ ಮೂರು ಸಲ ಫೋನ್ ಮಾಡಿದಳು. ಮೂರನೇ ಸಲ ಎತ್ತಿದವನು ಅಟೆಂಡರ್. ಅಮ್ಮ ಮಲಗಿದ್ದಾರೆ ಎಂದು ಹೇಳಿ ಇಟ್ಟ.